ನನಗೆ ಬಂದದ್ದೂ ನೀಲಮ್ಮನಿಗೆ ಬಂದದ್ದೂ

ನನಗೆ ಎಚ್‌ಐವಿ ಇದೆ ಎಂದು ಗೊತ್ತಾದ ವರ್ಷವೇ ನನ್ನ ಓರಗಿತ್ತಿ ನೀಲಮ್ಮನಿಗೆ ಎದೆಯ ಕ್ಯಾನ್ಸರ್ ಎಂದು ಗೊತ್ತಾಯಿತು. ನಾವಿಬ್ಬರೂ ಒಂದೇ ಮನೆಯ ಸೊಸೆಯರು, ಒಂದೇ ಅಡುಗೆಮನೆಯಲ್ಲಿ ಇಪ್ಪತ್ತು ವರ್ಷ ರೊಟ್ಟಿ ಬಡಿದವರು. ಅವಳ ಕಾಯಿಲೆ ನೋಡಲು ಊರಿಗೆ ಊರೇ ಬಂತು. ನನ್ನ ಕಾಯಿಲೆ ಹಿತ್ತಿಲ ಕೋಣೆಯ ಬಾಗಿಲು ದಾಟಲಿಲ್ಲ. ಆ ದಿನಗಳಲ್ಲಿ ನಾನು ಸಾವಿಗೆ ಹೆದರಿದ್ದು ಕಡಿಮೆ. ನೀಲಮ್ಮನನ್ನು ಕಂಡು ಹೊಟ್ಟೆ ಉರಿದುಕೊಂಡದ್ದೇ ಹೆಚ್ಚು. ವಯಸ್ಸಾದ ಮೇಲೆ ಈ ಕಾಯಿಲೆ ಹೊತ್ತುಕೊಂಡು ಕೂತಿರುವ ಯಾರಿಗಾದರೂ ಇಂಥ ಹೊಟ್ಟೆಕಿಚ್ಚು ತಮಗೊಬ್ಬರಿಗೇ ಎಂದು ಅನಿಸುತ್ತಿದ್ದರೆ, ಹಾಗಲ್ಲ ಎಂದು ಹೇಳಲು ಇದನ್ನು ಬರೆಯುತ್ತಿದ್ದೇನೆ.

ನಾವು ಹರಿಹರದವರು. ನನ್ನ ತವರು ಕೊಕ್ಕನೂರು. ನಮ್ಮನೆಯವರು ಹತ್ತಿ ವ್ಯಾಪಾರಕ್ಕೆಂದು ಹುಬ್ಬಳ್ಳಿ, ಮುಂಬಯಿ ಸುತ್ತುತ್ತಾ ತಿಂಗಳಲ್ಲಿ ಅರ್ಧಕ್ಕರ್ಧ ದಿನ ಊರ ಹೊರಗೇ ಇರುತ್ತಿದ್ದರು. ಕೊನೆಗೆ ಕೆಮ್ಮಿ ಕೆಮ್ಮಿ, ಸೊರಗಿ ತೀರಿಕೊಂಡರು. ಟಿಬಿ ಎಂದರು, ನಾವೂ ಟಿಬಿ ಎಂದೇ ನಂಬಿದೆವು. ನನಗೆ ಒಬ್ಬಳೇ ಮಗಳು, ಸುಧಾ. ಅವಳು ಮದುವೆಯಾಗಿ ರಾಣೆಬೆನ್ನೂರು ಸೇರಿದ್ದಳು. ನಾನು ಮೈದುನ ಶಿವಾನಂದನ ಸಂಸಾರದ ಜೊತೆಗೇ ಉಳಿದೆ. ಅವನದು ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ. ಅವನ ಹೆಂಡತಿ ನೀಲಮ್ಮ ನನಗಿಂತ ಆರೇಳು ವರ್ಷ ಚಿಕ್ಕವಳು. ಅವರ ಮಗಳು ವೀಣಾ ಆಗ ಕಾಲೇಜಿನಲ್ಲಿದ್ದಳು.

ದಾವಣಗೆರೆ ಹೊಸದಾಗಿ ಜಿಲ್ಲೆಯಾದ ಹೊತ್ತಿನಲ್ಲಿ ನನ್ನ ಬಲ ಪಕ್ಕೆಯಿಂದ ಬೆನ್ನಿನವರೆಗೆ ಸರ್ಪಸುತ್ತು ಎದ್ದಿತು. ಬೆಂಕಿ ಸವರಿದ ಹಾಗೆ ಉರಿ. ಓಣಿಯ ಅಜ್ಜಿಯೊಬ್ಬಳು ಬಂದು ಕೆಮ್ಮಣ್ಣು ಕಲಸಿ ಹಚ್ಚಿದಳು. ಗುಳ್ಳೆ ಒಣಗಿತು, ಉರಿ ಉಳಿಯಿತು. ಅದರ ಹಿಂದೆಯೇ ಬಿಟ್ಟು ಬಿಟ್ಟು ಬರುವ ಜ್ವರ. ನಮ್ಮ ಊರಿನ ಡಾಕ್ಟರು ಸಕ್ಕರೆ ಕಾಯಿಲೆ ಇದೆಯಾ ಎಂದು ನೋಡಿದರು, ಇರಲಿಲ್ಲ. ಇನ್ನೊಬ್ಬರು, ಮುಟ್ಟು ನಿಲ್ಲುವ ಕಾಲ ಎಂದರು. ಮೂರನೆಯವರಂತೂ ನನ್ನ ಮುಖವನ್ನೂ ಸರಿಯಾಗಿ ನೋಡದೆ, "ಈ ವಯಸ್ಸಿಗೆ ಇವೆಲ್ಲ ಇರಾವೇ ಬಿಡ್ರಿ" ಎಂದು ಟಾನಿಕ್ ಬರೆದುಕೊಟ್ಟರು. ಐವತ್ತರ ಹತ್ತಿರ ಬಂದ, ತಲೆ ನರೆತ, ಹಣೆ ತುಂಬ ವಿಭೂತಿ ಹಚ್ಚಿಕೊಂಡ ಹೆಂಗಸಿಗೆ ಆ ರಕ್ತಪರೀಕ್ಷೆ ಮಾಡಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಕೊನೆಗೆ ದಾವಣಗೆರೆಯ ಡಾಕ್ಟರೊಬ್ಬರು, "ನಿಮ್ಮನೆಯವರು ಹೆಂಗೆ ತೀರ್ಕೊಂಡ್ರು?" ಎಂದು ಕೇಳಿದರು. ಹೇಳಿದೆ. ಅವರು ಪೆನ್ನು ಕೆಳಗಿಟ್ಟರು. ರಕ್ತ ಒಂದು ಸಲ ತೆಗೆದರು, ಒಂದು ವಾರ ಬಿಟ್ಟು ಇನ್ನೊಂದು ಸಲ ತೆಗೆದರು. ಎರಡನೆಯ ಸಲ ಫಲಿತಾಂಶಕ್ಕೆ ಹೋದಾಗ ಶಿವಾನಂದನೂ ಜೊತೆಗೆ ಬಂದ. ಕಾಯುವ ಕೋಣೆಯಲ್ಲಿ ಒಬ್ಬ ತಾಯಿ ಮಗುವಿಗೆ ಬಿಸ್ಕತ್ತು ಮುರಿದು ಮುರಿದು ತಿನ್ನಿಸುತ್ತಿದ್ದಳು. ಕಾಂಪೌಂಡರ್ ನನ್ನ ಹೆಸರು ಕರೆದ. ನಾನು ಎದ್ದೆ. "ನೀವಲ್ಲ, ನಿಮ್ಮ ಜೊತೆ ಬಂದೋರು ಬರ್ರಿ" ಎಂದ.

ಕಾಯಿಲೆ ನನ್ನದು. ಹೇಳಿದ್ದು ಮೈದುನನಿಗೆ. ಮಧ್ಯೆ ಇದ್ದದ್ದು ಒಂದು ಹಸಿರು ಪರದೆ ಅಷ್ಟೇ, ಆದ್ದರಿಂದ ನನಗೂ ಕೇಳಿಸಿತು. ಕಾಯಿಲೆಯ ಹೆಸರು ಹೇಳಿ ಆದ ಮೇಲೆ ಡಾಕ್ಟರು, "ಅವ್ರಿಗೆ ತಿಳಿಸಾದು ಬಿಡಾದು ನಿಮಗೆ ಬಿಟ್ಟಿದ್ದು" ಎಂದರು. ನಾನು ಬಿಸ್ಕತ್ತು ತಿನ್ನುತ್ತಿದ್ದ ಮಗುವನ್ನೇ ನೋಡುತ್ತಾ ಕೂತೆ.

ಹರಿಹರದ ಬಸ್ಸಿನಲ್ಲಿ ಶಿವಾನಂದ ನನ್ನ ಪಕ್ಕದಲ್ಲಿ ಕೂರಲಿಲ್ಲ, ಆಚೆ ಸಾಲಿನಲ್ಲಿ ಕೂತ. ಹೋಗುವಾಗ ಪಕ್ಕದಲ್ಲೇ ಕೂತಿದ್ದವನು. ದಾರಿಯಲ್ಲಿ ಸೊಪ್ಪಿನ ಬುಟ್ಟಿ ಹಿಡಿದು ಹತ್ತಿದ ಹೆಂಗಸೊಬ್ಬಳು ನನ್ನ ಪಕ್ಕ ಕೂತು, ಬಸ್ಸು ಹೊರಟದ್ದೇ ತಡ ತೂಕಡಿಸಿ ನನ್ನ ಭುಜಕ್ಕೆ ತಲೆಯಿಟ್ಟು ನಿದ್ದೆ ಹೋದಳು. ಹರಿಹರ ಬರುವವರೆಗೂ ನಾನು ಅಲುಗಾಡಲಿಲ್ಲ. ಅವಳ ತಲೆಯ ಭಾರ ಬೇಕೆನಿಸಿತ್ತು.

ಮನೆಗೆ ಬಂದ ಮೇಲೆ ಶಿವಾನಂದ ಹಿತ್ತಿಲಿಗೆ ಕರೆದ. ಬಟ್ಟೆ ಒಗೆಯುವ ಕಲ್ಲನ್ನು ನೋಡುತ್ತಾ ಮಾತಾಡಿದ.

"ಅತ್ತಿಗೆ, ಇದು ನಮ್ಮಿಬ್ಬರ ನಡುವೆನೇ ಇರ್ಲಿ. ನಾಳೆ ವೀಣಾನ ಮದುವಿ ಆಗಬೇಕು."

"ನನಗೇನಾಗೈತೆ ಅಂತ ನೀನಾದ್ರೂ ಬಾಯಿಬಿಟ್ಟು ಹೇಳಲ್ಲೇನು ಶಿವಾನಂದ?"

ಅವನು ಕಲ್ಲಿನ ಮೇಲಿದ್ದ ಸೋಪಿನ ಚೂರು ಎತ್ತಿ ಆಚೆಗಿಟ್ಟ. "ನಿಮಗೆ ಗೊತ್ತಾಗೈತೆ. ನನ್ನ ಬಾಯಿಂದ ಯಾಕ ಹೇಳಿಸ್ತೀರಿ? ಇನ್ನು ಅಡಿಗೆಮನಿಗೆ ಬರಾದು ಬ್ಯಾಡ. ಡಾಕ್ಟ್ರು ಪೂರ್ತಿ ರೆಸ್ಟ್ ಹೇಳ್ಯಾರೆ ಅಂತ ನೀಲಾಗೆ ನಾನೇ ಹೇಳ್ತೀನಿ."

ಅವನು ಕೆಟ್ಟವನಲ್ಲ. ನನ್ನನ್ನು ಮನೆಯಿಂದ ಹೊರಗೆ ಹಾಕಲಿಲ್ಲ. ಆ ಕಾಲದಲ್ಲಿ ಹಾಕಿದವರು ಬೇಕಾದಷ್ಟಿದ್ದರು. ಹತ್ತಿ ತುಂಬಿದ ಅಂಡಿಗೆ ಚೀಲ ಇಡುತ್ತಿದ್ದ ಹಿತ್ತಿಲ ಕೋಣೆಗೆ ಸುಣ್ಣ ಬಳಿಸಿ, ಮಂಚ ಹಾಕಿಸಿ, ನನಗೇ ಅಂತ ಒಂದು ತಟ್ಟೆ, ಒಂದು ಲೋಟ, ಒಂದು ಚೊಂಬು ಇಡಿಸಿದ. ಊಟ ಹೊಸ್ತಿಲವರೆಗೆ ಬರುತ್ತಿತ್ತು.

ಎರಡು ತಿಂಗಳು ಕಳೆದಿರಬೇಕು. ನೀಲಮ್ಮ ಸ್ನಾನ ಮಾಡುವಾಗ ಎಡ ಎದೆಯಲ್ಲಿ ಗಂಟು ಕೈಗೆ ಸಿಕ್ಕಿತು. ದಾವಣಗೆರೆಗೆ ಹೋದರು, ಅಲ್ಲಿಂದ ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಬರೆದುಕೊಟ್ಟರು. ಹೊರಡುವ ಮೊದಲೇ ಸುದ್ದಿ ಹಬ್ಬಿ ನೆಂಟರು ಬರತೊಡಗಿದರು.

ಹೇಗೆ ಬಂದರು ಅಂತೀರಿ! ಶಾಮನೂರಿನಿಂದ ಅವಳ ಅಣ್ಣಂದಿರು, ಮಲೇಬೆನ್ನೂರಿನಿಂದ ಸೋದರತ್ತೆ, ಅಂಗಡಿಯ ಗಿರಾಕಿಗಳು, ವೀಣಾಳ ಕಾಲೇಜಿನ ಮೇಡಂಗಳು. ಪಡಸಾಲೆಯಲ್ಲಿ ಸೇಬು, ಮೋಸಂಬಿ, ಎಳನೀರು, ಹಾರ್ಲಿಕ್ಸ್ ಬಾಟಲಿ ಸಾಲಾಗಿ ಕೂತವು. ಮಠದಿಂದ ಸ್ವಾಮಿಗಳು ವಿಭೂತಿ ಕಳಿಸಿದರು. ಹೆಂಗಸರು ನೀಲಮ್ಮನ ಕೈ ಹಿಡಿದು, ಗಲ್ಲ ಸವರಿ, "ನಿನ್ನಂಥ ಬಂಗಾರದಂಥಾಕಿಗೆ ಯಾಕ ಬಂತವ್ವಾ ಇದು" ಎಂದು ಅಳುತ್ತಿದ್ದರು. ಕ್ಯಾನ್ಸರ್ ಎನ್ನುವಾಗ ದನಿ ತಗ್ಗಿಸುತ್ತಿದ್ದರು, ನಿಜ. ಆದರೆ ಆ ತಗ್ಗಿದ ದನಿಯಲ್ಲಿ ಅಕ್ಕರೆ ಇರುತ್ತಿತ್ತು.

ನಾನು ಪಡಸಾಲೆಯ ಕಂಬಕ್ಕೆ ಒರಗಿ ನಿಂತು ಎಲ್ಲ ನೋಡುತ್ತಿದ್ದೆ. ಅವಳ ಗಲ್ಲದ ಮೇಲೆ ಎಷ್ಟು ಕೈಗಳು! ನನಗೆ ಸೇಬು ತಿನ್ನುವ ಆಸೆಯಿರಲಿಲ್ಲ. ನನಗೆಂದು ಯಾರಾದರೂ ಒಂದು ಸೇಬು ತರಬೇಕಿತ್ತು. ಒಂದು ದಿನ ಸೋದರತ್ತೆ ನನ್ನ ಕಡೆ ತಿರುಗಿ ನೋಡಿ, "ಗಿರಿಜಾ, ನೀನ್ಯಾಕ ಇಷ್ಟು ಸೊರಗಿದಿ? ನೀಲಾನ ಚಿಂತಿ ಹಚ್ಕೊಂಡ್ಯೇನು?" ಎಂದಳು. ಸುತ್ತ ಕೂತವರೆಲ್ಲ, "ಓರಗಿತ್ತಿ ಅಂದ್ರೆ ಇಂಥಾಕಿ ಇರಬೇಕು" ಎಂದು ಮೆಚ್ಚಿಕೊಂಡರು. ನನ್ನ ಮೈ ಸವೆದದ್ದು ಕೂಡ ಅವಳ ಪಾಲಿಗೇ ಹೋಯಿತು. ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು, ಸೆರಗು ಬಾಯಿಗೆ ತುರುಕಿಕೊಂಡು ಅತ್ತೆ. ಸಿಟ್ಟಿಗೆ ಅತ್ತೆ, ದುಃಖಕ್ಕಲ್ಲ.

ಬೆಂಗಳೂರಿನಲ್ಲಿ ನೀಲಮ್ಮನ ಎಡ ಎದೆ ತೆಗೆದರು. ಆಮೇಲೆ ಔಷಧಿ ಹಾಕಿಸಿಕೊಳ್ಳಲು ಹೋಗಿ ಬಂದು ಮಾಡುತ್ತಿದ್ದಳು. ಕೂದಲು ಉದುರಿತು. ಅದಕ್ಕೂ ಜನ ಬಂದು ಅತ್ತರು. ಅವಳು ಮಲಗಿದ್ದ ಕೋಣೆಯ ಬಾಗಿಲಲ್ಲಿ ನಾನು ನಿಂತರೆ, "ಒಳಗೆ ಬಾ ಅಕ್ಕ, ಕೂಡು" ಎನ್ನುತ್ತಿದ್ದಳು. ನಾನು ಒಂದು ಹೆಜ್ಜೆ ಇಡುವಷ್ಟರಲ್ಲಿ ಶಿವಾನಂದ ಎಲ್ಲಿಂದಲೋ ಬಂದು, "ಬ್ಯಾಡ ಅತ್ತಿಗೆ, ಆಕಿಗೆ ಇನ್‌ಫೆಕ್ಷನ್ ಆಗ್ತೈತೆ" ಎನ್ನುತ್ತಿದ್ದ. ಬೇರೆಯವರೆಲ್ಲ ಅವಳ ಮಂಚದ ಮೇಲೇ ಕೂರುತ್ತಿದ್ದರು. ನಾನೊಬ್ಬಳೇ ಬಾಗಿಲಿನಿಂದ ತಿರುಗಿ ಹೋಗುತ್ತಿದ್ದೆ. ಒಂದು ಸಲ ಹಿಂದಿರುಗಿ ನೋಡಿದಾಗ ಅವಳು ಗೋಡೆಯ ಕಡೆ ಮಗ್ಗುಲಾಗಿದ್ದಳು.

ಸರ್ಕಾರಿ ಆಸ್ಪತ್ರೆಯಲ್ಲಿ ಈ ಕಾಯಿಲೆಯ ರಕ್ತಪರೀಕ್ಷೆ ಬಗ್ಗೆ ಸಲಹೆ ಕೊಡುವ ಹೆಂಗಸೊಬ್ಬರು ಇದ್ದರು. ಜ್ವರದ ಮಾತ್ರೆಗೆಂದು ಹೋದಾಗ ಅವರು ನನ್ನ ಹಳೆಯ ಚೀಟಿ ನೋಡಿ, ಪಕ್ಕಕ್ಕೆ ಕರೆದು, "ಭಾನುವಾರ ಮಧ್ಯಾಹ್ನ ಕರೂರಿಗೆ ಬರ್ರಿ. ನಿಮ್ಮಂಗೆ ಇರೋರು ಸೇರ್ತಾರೆ. ಹೆಸ್ರು ಹೇಳಬೇಕು ಅಂತಿಲ್ಲ" ಎಂದರು. ಮನೆಯಲ್ಲಿ ದಾವಣಗೆರೆಯ ಭಜನೆಗೆ ಹೋಗುತ್ತೇನೆ ಎಂದೆ.

ದಾವಣಗೆರೆ ಅಂಚಿನ ಕರೂರು ಕೈಗಾರಿಕಾ ಪ್ರದೇಶ ಭಾನುವಾರ ಬಿಕೋ ಎನ್ನುತ್ತದೆ. ಮಿಷನ್ನುಗಳ ಸದ್ದಿಲ್ಲ, ಗೇಟುಗಳಿಗೆಲ್ಲ ಬೀಗ. ಪೈಪು ಮಾಡುವ ಒಂದು ಸಣ್ಣ ಕಾರ್ಖಾನೆಯ ಮಾಲೀಕನ ತಮ್ಮ ಇದೇ ಕಾಯಿಲೆಯಲ್ಲಿ ಹೋಗಿದ್ದನಂತೆ. ಆ ಮಾಲೀಕ ತನ್ನ ಶೆಡ್ಡಿನ ಆಫೀಸು ಕೋಣೆಯನ್ನು ಭಾನುವಾರ ಬಿಟ್ಟುಕೊಡುತ್ತಿದ್ದ. ನಮ್ಮ ನೆಂಟರು ಯಾರೂ ಆ ಕಡೆ ಸುಳಿಯುವ ಹಾಗಿರಲಿಲ್ಲ.

ಒಳಗೆ ಹತ್ತು ಹನ್ನೆರಡು ಮಂದಿ ಚಾಪೆಯ ಮೇಲೆ ಕೂತಿದ್ದರು. ಮಧ್ಯದಲ್ಲಿ ಪೇಪರು ಹಾಸಿ ಮಂಡಕ್ಕಿ ಸುರಿದು, ಪಕ್ಕದಲ್ಲಿ ಮೆಣಸಿನಕಾಯಿ ಬಜ್ಜಿ ಇಟ್ಟಿದ್ದರು. ಎಲ್ಲರೂ ಅದರಲ್ಲೇ ಕೈ ಹಾಕಿ ತಿನ್ನುತ್ತಿದ್ದರು. ನಾನು ದೂರ ಕೂತೆ. ಎಳೆಯ ಹೆಂಗಸೊಬ್ಬಳು, "ಕೈ ಹಾಕ್ರಿ ಅಮ್ಮಾ. ಇಲ್ಲಿ ಎಲ್ಲಾರ ಕೈನೂ ಒಂದೇ" ಎಂದಳು. ಅವಳೇ ರೇಣುಕಾ, ಲಾರಿ ಡ್ರೈವರನ ವಿಧವೆ. ಇಪ್ಪತ್ತೈದೋ ಇಪ್ಪತ್ತಾರೋ ಇರಬೇಕು. ಇಡೀ ಗುಂಪನ್ನು ನಡೆಸುತ್ತಿದ್ದವಳು ಅವಳೇ. ನಾನು ಒಂದು ಹಿಡಿ ಮಂಡಕ್ಕಿ ತೆಗೆದುಕೊಂಡೆ. ತಿಂಗಳುಗಟ್ಟಲೆ ನನ್ನ ತಟ್ಟೆಯಲ್ಲಿ ನಾನೊಬ್ಬಳೇ ಉಂಡಿದ್ದೆ. ಅವತ್ತು ಇನ್ನೊಂದು ಹಿಡಿಗೆ ಮತ್ತೆ ಕೈ ಹಾಕಿದೆ.

ಅಲ್ಲಿ ನನ್ನ ವಯಸ್ಸಿನವರು ಇನ್ನೊಬ್ಬರೇ ಇದ್ದರು. ಇಸ್ಮಾಯಿಲ್ ಸಾಹೇಬರು, ಅರವತ್ತು ದಾಟಿದ ದರ್ಜಿ. ಉಳಿದವರ ಮಾತೆಲ್ಲ ಮಕ್ಕಳಿಗೆ ಹಾಲು ಕೊಡಬಹುದಾ, ಮತ್ತೆ ಮದುವೆಯಾಗಬಹುದಾ, ಕೆಲಸದ ಕಡೆ ಹೇಗೆ ಮುಚ್ಚಿಡುವುದು ಎಂಬುದರ ಸುತ್ತಲೇ. ಗೋಡೆಗೆ ಅಂಟಿಸಿದ ಪೋಸ್ಟರಿನಲ್ಲೂ ಜೀನ್ಸು ಹಾಕಿದ ಹುಡುಗ, ಎರಡು ಜಡೆಯ ಹುಡುಗಿ. ನನಗೆ ಮೈ ಧಗ್ಗನೆ ಬಿಸಿಯಾಗಿ ಬೆವರುತ್ತಿತ್ತು. ಅದು ಮುಟ್ಟು ನಿಂತದ್ದಕ್ಕೋ ಈ ಕಾಯಿಲೆಗೋ? ಮೊಣಕಾಲು ನೋವು ವಯಸ್ಸಿನದೋ ಇದರದೋ? ಕೇಳಿದರೆ ರೇಣುಕಾ ಪಾಪ, "ಗೊತ್ತಿಲ್ಲಮ್ಮಾ, ಕೇಳಿ ಹೇಳ್ತೀನಿ" ಎನ್ನುತ್ತಿದ್ದಳು. ಅವಳ ತುಂಬಿದ ತೋಳು, ಕಪ್ಪು ಕೂದಲು ನೋಡಿ ನನಗೆ ಮತ್ತೆ ಅದೇ ಉರಿ. ಮನೆಯಲ್ಲಿ ನೀಲಮ್ಮ, ಇಲ್ಲಿ ಇವಳು.

ಆ ಉರಿ ಹೆಚ್ಚಿದ್ದು ಸ್ಮಿತಾ ಡಾಕ್ಟರು ಬಂದ ದಿನ. ಅವರು ಮೆಡಿಕಲ್ ಕಾಲೇಜಿನಲ್ಲಿ ಇನ್ನೂ ಓದುತ್ತಿದ್ದವರು, ನನ್ನ ಸುಧಾಳ ವಯಸ್ಸು. ಅವರ ದೊಡ್ಡ ಡಾಕ್ಟರು ಒಂದು ಸಂಶೋಧನೆ ಮಾಡುತ್ತಿದ್ದಾರೆ, ಅದಕ್ಕೆ ಸೇರಿದವರಿಗೆ ರಕ್ತದ ಶಕ್ತಿ ಅಳೆಯುವ ಪರೀಕ್ಷೆ ಪುಕ್ಕಟೆ, ಬೇರೆ ರೋಗ ಅಂಟದ ಹಾಗೆ ತಡೆಯುವ ಮಾತ್ರೆಯೂ ಸಿಗುತ್ತದೆ ಎಂದರು. ಈಗಿನ ಹಾಗೆ ಈ ಕಾಯಿಲೆಯ ಔಷಧಿ ಆಗ ನಮ್ಮಂಥವರ ಕೈಗೆ ಎಟುಕುತ್ತಿರಲಿಲ್ಲ. ಆ ತಡೆಯುವ ಮಾತ್ರೆಯೇ ದೊಡ್ಡದು. ಎಲ್ಲರೂ ಕೈ ಎತ್ತಿದರು. ನಾನೂ ಎತ್ತಿದೆ.

ಸ್ಮಿತಾ ಡಾಕ್ಟರು ಮುಖ ಸಣ್ಣದು ಮಾಡಿಕೊಂಡು, "ನಲವತ್ತೈದು ವರ್ಷದ ಒಳಗಿನೋರು ಮಾತ್ರ ಅಂತ ರೂಲ್ ಇದೆ ಅಮ್ಮಾ" ಎಂದರು.

"ಯಾಕ್ರಿ? ನಲವತ್ತೈದು ದಾಟಿದ್ರೆ ರಕ್ತ ನೀರಾಗ್ತೈತೇನು?"

"ವಯಸ್ಸಾದೋರಿಗೆ ಬೇರೆ ಬೇರೆ ಕಾಯಿಲೆ ಇರ್ತಾವೆ. ಯಾವುದು ಯಾತರಿಂದ ಅಂತ ಹೇಳೋದು ಕಷ್ಟ ಆಗುತ್ತೆ, ಅದಕ್ಕೆ."

"ಅದನ್ನೇ ನಾನೂ ಕೇಳ್ತಿರಾದು. ಯಾವುದು ಯಾತರಿಂದ ಅಂತ ನಮಗೂ ಗೊತ್ತಾಗಬೇಕಲ್ರಿ."

ಇಸ್ಮಾಯಿಲ್ ಸಾಹೇಬರು ನಕ್ಕರು. "ಬಿಡ್ರಿ ಅಮ್ಮಾರೆ. ಎಳೇರು ಸತ್ರೆ ಅದು ಕಾಯಿಲೆ. ನಾವು ಸತ್ರೆ ಅದು ವಯಸ್ಸು."

ರೇಣುಕಾಳನ್ನು ಸೇರಿಸಿಕೊಂಡರು. ಅವಳು ಆಸ್ಪತ್ರೆಗೆ ಹೋದರೆ ಹೆಸರು ಹಿಡಿದು ಕರೆಯುತ್ತಿದ್ದರಂತೆ, ತೂಕ ನೋಡುತ್ತಿದ್ದರಂತೆ, ನಾಲಿಗೆ ನೋಡುತ್ತಿದ್ದರಂತೆ. ಅವಳು ಖುಷಿಯಿಂದ ಹೇಳಿಕೊಳ್ಳುವಾಗ ನಾನು ಶೆಡ್ಡಿನ ಮೂಲೆಯ ಪೈಪುಗಳನ್ನು ನೋಡುತ್ತಾ ಕೂರುತ್ತಿದ್ದೆ. ಸಂತೋಷ ಎಂದು ಹೇಳಲು ಬಾಯಿ ಬರುತ್ತಿರಲಿಲ್ಲ.

ಒಂದೆರಡು ತಿಂಗಳು ಬಿಟ್ಟು ಸ್ಮಿತಾ ಡಾಕ್ಟರು ಮತ್ತೆ ಬಂದರು, ನನ್ನನ್ನು ಮತ್ತು ಸಾಹೇಬರನ್ನು ಹುಡುಕಿಕೊಂಡೇ ಬಂದರು. ತಮ್ಮ ದೊಡ್ಡ ಡಾಕ್ಟರಿಗೆ ದುಂಬಾಲು ಬಿದ್ದು ಒಪ್ಪಿಗೆ ತಂದಿದ್ದರು. ವಯಸ್ಸು ದಾಟಿದವರ ಜೊತೆ ಮಾತಾಡಿ ತಿಳಿದುಕೊಳ್ಳಲು ಮಾತ್ರ. ಮಾತ್ರೆ ಇಲ್ಲ, ರಕ್ತಪರೀಕ್ಷೆ ಇಲ್ಲ. "ಬರೀ ಮಾತಾ?" ಎಂದೆ ನಾನು. "ಸದ್ಯಕ್ಕೆ ಬರೀ ಮಾತು" ಎಂದರು ಅವರು. ಆದರೂ ಕೂತೆ.

ಬೆವರು, ಮೊಣಕಾಲು, ನಿದ್ದೆ, ಕಣ್ಣು ಎಲ್ಲ ಕೇಳಿದರು. ಯಾರೊಬ್ಬರೂ ಕೇಳದೆ ಇದ್ದದ್ದನ್ನೆಲ್ಲ ಕೇಳಿದರು. ನಾನೂ ಬಡಬಡನೆ ಹೇಳಿದೆ. ಆಮೇಲೆ, "ಮನೆಯಲ್ಲಿ ನಿಮ್ಮನ್ನು ಮುಟ್ಟಿ ಮಾತಾಡಿಸೋರು ಯಾರು ಅಮ್ಮಾ?" ಎಂದರು.

ಸುಧಾ ಬಂದರೂ ಅವಳಿಗೆ ಗೊತ್ತಾಗದಿರಲೆಂದು ನಾನೇ ದೂರ ನಿಲ್ಲುತ್ತಿದ್ದೆ. ವೀಣಾ ಹೊಸ್ತಿಲಲ್ಲಿ ತಟ್ಟೆ ಇಟ್ಟು ಹೋಗುತ್ತಿದ್ದಳು. ಕೊನೆಗೆ, "ಒಂದ್ಸಲ ಬಸ್ಸಿನಾಗೆ ಸೊಪ್ಪಿನಾಕಿ ಮಲಗಿದ್ಲು ನೋಡ್ರಿ, ಭುಜದ ಮ್ಯಾಲೆ" ಎಂದೆ. ಸ್ಮಿತಾ ಡಾಕ್ಟರು ಬರೆಯುವುದನ್ನು ನಿಲ್ಲಿಸಿ ನನ್ನ ಕೈ ಹಿಡಿದುಕೊಂಡರು. ನಾನು ಬಿಡಿಸಿಕೊಳ್ಳಲಿಲ್ಲ.

ಮನೆಗೆ ಬಂದಾಗ ಸಂಜೆಯಾಗಿತ್ತು. ಶಿವಾನಂದ ಅಂಗಡಿಯಲ್ಲಿದ್ದ. ವೀಣಾ ಗೆಳತಿಯ ಮನೆಗೆ ಹೋಗಿದ್ದಳು. ನಾನು ಪಡಸಾಲೆ ದಾಟುವಾಗ ನೀಲಮ್ಮ ಒಳಗಿನಿಂದ ಕೂಗಿದಳು.

"ಅಕ್ಕ, ನಿಂದ್ರು. ಇವತ್ತು ಒಂದು ಮಾತು ಕೇಳಬೇಕು. ನನ್ನ ಕಂಡ್ರೆ ನಿನಗೆ ಹೇಸಿಗೇನು?"

ನಾನು ಬಾಗಿಲಲ್ಲಿ ನಿಂತೆ. ಅವಳು ಮಂಚದ ಮೇಲೆ ಎದ್ದು ಕೂತಿದ್ದಳು. ತಲೆಗೆ ಕಟ್ಟಿದ್ದ ಬಟ್ಟೆ ಜಾರಿ ಬೋಳು ತಲೆ ಕಾಣುತ್ತಿತ್ತು. ಹುಬ್ಬೂ ಇರಲಿಲ್ಲ.

"ಊರಿನೋರೆಲ್ಲ ಒಳಗೆ ಬರ್ತಾರೆ. ನೀನು ಬಾಗಿಲಾಗೇ ನಿಂತು ಹೋಗ್ತಿ. ಇಪ್ಪತ್ತು ವರ್ಷ ಜೊತಿಗಿದ್ದು ಇಷ್ಟೇ ಏನು? ಭಾನುವಾರ ಬಂದ್ರೆ ಜರಿ ಅಂಚಿನ ಸೀರಿ ಉಟ್ಕೊಂಡು ಹೋಗ್ತಿ. ನಾನು ಇಲ್ಲಿ ಹಣ್ಣಿನ ಬುಟ್ಟಿ ಕಾಯ್ಕೊಂಡು ಕೂತಿರ್ತೀನಿ. ನಿನ್ನ ಕಂಡ್ರೆ ನನಗೆ ಹೊಟ್ಟಿಕಿಚ್ಚು ಆಗ್ತೈತೆ ಅಕ್ಕ."

ನಾನು ನಕ್ಕುಬಿಟ್ಟೆ. ಅವಳಿಗೆ ಇನ್ನೂ ಸಿಟ್ಟು ಬಂತು. ಆ ನಗುವಿನಲ್ಲೇ ಕಣ್ಣೀರೂ ಬಂತು ನನಗೆ. ಬಾಗಿಲಲ್ಲೇ ನಿಂತು ಎಲ್ಲ ಹೇಳಿದೆ. ರಕ್ತ, ಪರದೆ, ಟಿಬಿ ಎಂದುಕೊಂಡಿದ್ದ ಅವಳ ಭಾವನ ಕಾಯಿಲೆ, ಕರೂರು. "ಹೇಸಿಗೆ ಅಲ್ಲ ನೀಲಾ. ನಿನ್ನ ಗಂಡ ಬರಬ್ಯಾಡ ಅಂದ. ಇದು ಮುಟ್ಟಿದ್ರೆ ಬರಲ್ಲ ಅಂತ ಆಸ್ಪತ್ರೆಯಾಗೆ ಹೇಳ್ಯಾರೆ, ಆದ್ರೆ ಆತಗೆ ಹೆದರಿಕಿ."

ಅವಳು ತಲೆಗೆ ಬಟ್ಟೆ ಸುತ್ತಿಕೊಂಡು ಗೋಡೆಯ ಕಡೆ ತಿರುಗಿ ಮಲಗಿದಳು. ಮಾರನೆಯ ದಿನವೂ ಮಾತಿಲ್ಲ. ನನ್ನ ಗಂಟುಮೂಟೆ ಕಟ್ಟುವ ಕಾಲ ಬಂತು, ಕೊಕ್ಕನೂರಿನಲ್ಲಿ ಅಣ್ಣನ ಮನೆ ಬಾಗಿಲು ತೆಗೆಯುತ್ತದೋ ಇಲ್ಲವೋ ಎಂದು ಲೆಕ್ಕ ಹಾಕುತ್ತಾ ಕೂತಿದ್ದೆ.

ಅದರ ಮಾರನೆಯ ಬೆಳಿಗ್ಗೆ ಬಚ್ಚಲಿನಿಂದ ಅವಳ ದನಿ ಬಂತು. "ಅಕ್ಕ, ಸ್ವಲ್ಪ ಬಾ. ಬೆನ್ನಿಗೆ ಕೈ ಎಟುಕವಲ್ದು."

ಹೋದೆ. ಅವಳು ಮಣೆಯ ಮೇಲೆ ಕೂತಿದ್ದಳು, ಎದೆಗೆ ಟವಲು ಒತ್ತಿ ಹಿಡಿದಿದ್ದಳು. ಒಂದು ಗಳಿಗೆ ಬಿಟ್ಟು ಟವಲು ತೆಗೆದಳು. ಎಡಗಡೆ ಚಪ್ಪಟೆ, ಕಂಕುಳಿನವರೆಗೆ ಎಳೆದ ಕೆಂಪು ಗೆರೆ.

"ನೋಡು" ಎಂದಳು. "ಇಷ್ಟು ಜನ ಬಂದ್ರಲ್ಲ, ಒಬ್ರಿಗೂ ತೋರ್ಸಿಲ್ಲ. ವೀಣಾಗೆ ನಾಚಿಕಿ. ಆತ ಈ ಕಡೆ ಕಣ್ಣೆತ್ತಿ ನೋಡಿಲ್ಲ, ಮುಟ್ಟಾದಂತೂ ದೂರ. ಗಲ್ಲ ಹಿಡ್ಕೊಂಡು ಅಳೋರಿಗೇನು, ಎದ್ದು ಹೋಗ್ತಾರೆ. ನಿಂದು ಮೈ ಪೂರ್ತಿ ಐತಲ್ಲ ಅಕ್ಕ. ನಿನ್ನ ನೋಡಿದಾಗೆಲ್ಲ ಅದೇ ಅನ್ನಿಸ್ತೈತೆ."

ನನ್ನನ್ನು ಕಂಡು ಅವಳಿಗೆ ಉರಿ, ಅವಳನ್ನು ಕಂಡು ನನಗೆ ಉರಿ. ನಾನು ಸೇಬಿನ ಕಥೆ ಹೇಳಿದೆ. "ನಿನಗೆ ಒಂದು ಸೇಬು ಬೇಕಿತ್ತಾ?" ಎಂದು ಅವಳು ಬಚ್ಚಲಲ್ಲೇ ನಗತೊಡಗಿದಳು. "ನಾಲ್ಕು ಕೊಳ್ತು ಹೋದ್ವು, ಹೇಳಬಾರ್ದಾ!" ನಾನು ಅವಳ ಬೆನ್ನು ಉಜ್ಜಿದೆ. ಗಾಯದ ಮೇಲೆ ಮೆಲ್ಲಗೆ ನೀರು ಬಿಟ್ಟೆ. ಅವಳು ನನ್ನ ಮೊಣಕಾಲಿಗೆ ಒರಗಿ ಕಣ್ಣು ಮುಚ್ಚಿದಳು.

ಶಿವಾನಂದನಿಗೆ ಗೊತ್ತಾದಾಗ ಅವನ ಮುಖ ಬಿಳಿಚಿಕೊಂಡಿತು. "ನೀಲಾ, ನಿನಗೆ ಗೊತ್ತಿಲ್ಲ ಆಕಿಗೆ ಏನಾಗೈತೆ ಅಂತ."

"ಗೊತ್ತೈತ್ರಿ. ನಿಮಗಿಂತ ಚೆನ್ನಾಗಿ ಗೊತ್ತೈತೆ. ಬೆಂಗ್ಳೂರಿನ ನನ್ನ ಡಾಕ್ಟ್ರಿಗೂ ಫೋನ್ ಮಾಡಿಸಿ ಕೇಳ್ದೆ, ಮುಟ್ಟಿದ್ರೆ ಏನೂ ಇಲ್ಲ ಅಂದ್ರು. ಹೆದರಿಕಿ ಇದ್ರೆ ನೀವು ಮುಟ್ಟಬ್ಯಾಡ್ರಿ. ನಾಳಿಂದ ಅಕ್ಕ ಸಾರು ಮಾಡ್ತಾಳೆ. ವೀಣಾ ಮಾಡಿದ ಸಾರು ಉಂಡು ಉಂಡು ನನ್ನ ನಾಲಿಗಿ ಸತ್ತೋಗೈತೆ."

ಅವನು ಒಂದು ವಾರ ಮನೆಯಲ್ಲಿ ಊಟ ಮಾಡಲಿಲ್ಲ, ಹೋಟೆಲಿನಲ್ಲಿ ಉಂಡ. ಎಂಟನೆಯ ದಿನ ತಟ್ಟೆಯ ಮುಂದೆ ಬಂದು ಕೂತ. ನಾನು ಬಡಿಸಿದೆ. ತಲೆ ಬಗ್ಗಿಸಿಕೊಂಡೇ ಉಂಡ, ಎರಡನೆಯ ಸಲ ಸಾರು ಹಾಕಿಸಿಕೊಂಡ.

ಔಷಧಿಯ ಸುತ್ತುಗಳು ಮುಗಿದ ಮೇಲೆ ನೀಲಮ್ಮ ನನ್ನ ಜೊತೆ ಕರೂರಿಗೆ ಬರುತ್ತೇನೆಂದು ಹಠ ಹಿಡಿದಳು. ಹೊಸದಾಗಿ ಹುಟ್ಟಿದ ಮೊಳಕೆ ಕೂದಲಿಗೆ ಸೆರಗು ಹೊದ್ದು ಬಂದಳು. ಅವಳ ಕಾಯಿಲೆ ಬೇರೆ ಎಂದರೆ, "ಆದ್ರೇನು, ಕೂಡ್ರಲಿ" ಎಂದಳು ರೇಣುಕಾ. ಎರಡನೆಯ ಭಾನುವಾರಕ್ಕೇ ನೀಲಮ್ಮ ಅಲ್ಲಿ ಎಲ್ಲರಿಗೂ ಬೇಕಾದವಳಾದಳು. ವಾಂತಿ ಬಂದರೆ ಏನು ತಿನ್ನಬೇಕು, ಬಾಯಿ ಹುಣ್ಣಿಗೆ ಏನು ಮಾಡಬೇಕು ಎಂದೆಲ್ಲ ಹೇಳುತ್ತಿದ್ದಳು. ಸಾಹೇಬರು ಅವಳ ರವಿಕೆಗೆ ಒಳಗಿನಿಂದ ಹತ್ತಿಯ ಮೆತ್ತೆ ಇಟ್ಟು ಹೊಲಿದುಕೊಟ್ಟರು, ಎರಡು ಕಡೆಯೂ ಸಮನಾಗಿ ಕಾಣುವ ಹಾಗೆ. ಅದನ್ನು ತೊಟ್ಟು ಅವಳು ಶೆಡ್ಡಿನಲ್ಲಿ ಒಂದು ಸುತ್ತು ತಿರುಗಿದಳು, ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಮಂಡಕ್ಕಿ ತಿನ್ನುತ್ತಾ ನೋಡಿದೆ. ನನ್ನದು ಅಂತ ಇದ್ದದ್ದು ಆ ಒಂದು ಜಾಗ. ಅಲ್ಲಿಗೂ ಬಂದು ಅಲ್ಲಿಯೂ ಗೆದ್ದಳಲ್ಲ ಎಂದು ಮತ್ತೆ ಉರಿಯಿತು. ಬಸ್ಸಿನಲ್ಲಿ ಅದನ್ನು ಅವಳಿಗೇ ಹೇಳಿದೆ. ಹೇಳುವಷ್ಟು ಸಲಿಗೆ ಬಂದಿತ್ತು. "ಉರ್ಕೋ ಉರ್ಕೋ, ಮೈಗೆ ಒಳ್ಳೇದು" ಎಂದಳು.

ಸ್ಮಿತಾ ಡಾಕ್ಟರು ನಮ್ಮಂಥವರನ್ನು ಇನ್ನಷ್ಟು ಹುಡುಕಿದರು. ದಾವಣಗೆರೆ ಸುತ್ತಮುತ್ತ ಐವತ್ತು, ಅರವತ್ತು ದಾಟಿದವರು ಒಬ್ಬೊಬ್ಬರಾಗಿ ಬಂದರು. ಇವರೆಲ್ಲ ಇಷ್ಟು ದಿನ ಎಲ್ಲಿದ್ದರೋ! ತಿಂಗಳಲ್ಲಿ ಒಂದು ಭಾನುವಾರ ವಯಸ್ಸಾದವರದೇ ಬೈಠಕ್ಕು ಅಂತ ಆಯಿತು. ಆಮೇಲೆ ತಡೆಯುವ ಮಾತ್ರೆ ನಮಗೂ ಸಿಗತೊಡಗಿತು. ಯಾವ ಯೋಜನೆಯಿಂದ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಆ ದಶಕ ಮುಗಿಯುವ ಮೊದಲೇ ನೀಲಮ್ಮನ ಕ್ಯಾನ್ಸರ್ ತಿರುಗಿ ಬಂತು, ಈ ಸಲ ಬೆನ್ನುಮೂಳೆಗೆ. ಕಡೆಯ ದಿನಗಳಲ್ಲಿ ಅವಳ ಮಂಚದ ಪಕ್ಕ ಚಾಪೆ ಹಾಸಿಕೊಂಡು ಮಲಗುತ್ತಿದ್ದವಳು ನಾನೇ. "ನೀನು ಉಳೀತಿ ನೋಡು ಅಕ್ಕ" ಎಂದು ಒಂದು ದಿನ ಅಂದಳು. ಹರಸಿದ ಹಾಗಿರಲಿಲ್ಲ ಅವಳ ದನಿ, ದೂರಿದ ಹಾಗಿತ್ತು. ನನಗೆ ಅರ್ಥವಾಯಿತು. ಅವಳ ಕೈ ಒತ್ತುತ್ತಾ ಕೂತೆ.

ಅವಳು ಹೋದ ದಿನ ಪಡಸಾಲೆಯಲ್ಲಿ ವಿಭೂತಿ ಬಳಿದು ಕೂರಿಸಿದ್ದರು. ಬೀದಿಯ ತುದಿಯವರೆಗೆ ಜನ. ಭಜನೆ, ಹೂವು, ಮಠದವರು. ಅಷ್ಟು ಜನರ ನಡುವೆ ನಿಂತು ನನಗೆ ಬಂದ ಮೊದಲ ಯೋಚನೆ, ನನಗೆ ಯಾರು ಬರುತ್ತಾರೆ ಎಂಬುದೇ. ಅಷ್ಟರಲ್ಲಿ ರೇಣುಕಾ, ಸಾಹೇಬರು, ಕರೂರಿನ ಉಳಿದವರೆಲ್ಲ ಬಂದರು. ಬಸ್ಸು ಹಿಡಿದು, ಕೆಲಸ ಬಿಟ್ಟು ಬಂದಿದ್ದರು. ನೀಲಮ್ಮನಿಗೆ ಹೂ ಹಾಕಿ ಕೈ ಮುಗಿದು, ಸೀದಾ ನನ್ನ ಹತ್ತಿರ ಬಂದು ನನ್ನ ಎರಡೂ ಕಡೆ ಒತ್ತಿಕೊಂಡು ಕೂತರು. ಸೋದರತ್ತೆ, "ಇವ್ರು ಯಾರ ಕಡೇರು?" ಎಂದು ಕೇಳಿದಳು.

ಬಾಗಿಲಲ್ಲಿ ನಿಂತಿದ್ದ ಶಿವಾನಂದ ಕೇಳಿಸಿಕೊಂಡ. ಅತ್ತು ಅತ್ತು ಅವನ ದನಿ ಒಡೆದಿತ್ತು. "ನಮ್ಮ ಅತ್ತಿಗೆ ಕಡೇರು" ಎಂದ. "ಅವ್ರಿಗೆ ನೀರು ಕೊಡ್ರಿ."

ಇಸ್ಮಾಯಿಲ್ ಸಾಹೇಬರು ಹೋಗಿ ಬಹಳ ವರ್ಷಗಳಾದವು. ರೇಣುಕಾ ಗುಂಪಿನಲ್ಲೇ ಪರಿಚಯವಾದ ಒಬ್ಬನನ್ನು ಮದುವೆಯಾಗಿ ಚಿತ್ರದುರ್ಗದಲ್ಲಿದ್ದಾಳೆ. ಅದಕ್ಕೂ ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು, ಸೀರೆ ತೆಗೆದುಕೊಂಡು ಹೋಗಿ ಕೊಟ್ಟು ಬಂದೆ. ಸರ್ಕಾರ ಈ ಕಾಯಿಲೆಯ ಮಾತ್ರೆಯನ್ನೇ ಪುಕ್ಕಟೆ ಕೊಡತೊಡಗಿದಾಗ ನಾನು ಮೂಳೆ ಚಕ್ಕಳ ಆಗಿದ್ದೆ. ಅದು ನನ್ನನ್ನು ಹಿಡಿದು ನಿಲ್ಲಿಸಿತು. ಸುಧಾಳಿಗೂ ಎಲ್ಲ ಗೊತ್ತು. ಈಗ ಎಪ್ಪತ್ತೈದು ದಾಟಿದ್ದೇನೆ. ಸಕ್ಕರೆ ಬಂದಿದೆ, ಬಿಪಿ ಬಂದಿದೆ, ಒಂದು ಕಣ್ಣಿಗೆ ಪೊರೆ ತೆಗೆಸಿಕೊಂಡಿದ್ದೇನೆ.

ಮೊನ್ನೆ ಮಾತ್ರೆ ತರಲು ಹೋದಾಗ ಬೆಂಚಿನ ತುದಿಯಲ್ಲೊಬ್ಬ ಹುಡುಗಿ ಕೂತಿದ್ದಳು. ಹೊಸದಾಗಿ ಗೊತ್ತಾದವಳು, ಮುಖ ನೋಡಿದರೇ ತಿಳಿಯುತ್ತದೆ. ನರ್ಸು ನನ್ನ ವಯಸ್ಸು, ಎಷ್ಟು ವರ್ಷದಿಂದ ಬರುತ್ತಿದ್ದೇನೆ ಎಂದು ಗಟ್ಟಿಯಾಗಿ ಓದಿದಾಗ ಆ ಹುಡುಗಿ ತಿರುಗಿ ನನ್ನ ನರೆತ ತಲೆ, ಸುಕ್ಕಿದ ಕೈ ಎಲ್ಲ ನೋಡಿದಳು. ಆ ನೋಟ ನನಗೆ ಚೆನ್ನಾಗಿ ಗೊತ್ತು. ಕಂಬಕ್ಕೆ ಒರಗಿ ನಿಂತು ನಾನು ನೀಲಮ್ಮನನ್ನು ನೋಡುತ್ತಿದ್ದದ್ದು ಹಾಗೆಯೇ. ನನ್ನ ಮುದಿತನವನ್ನು ಕಂಡು ಒಬ್ಬಳಿಗೆ ಹೊಟ್ಟೆಕಿಚ್ಚಾಗುತ್ತದೆ ಎಂದು ನಾನು ಎಣಿಸಿರಲಿಲ್ಲ. ಬೇಜಾರಾಗಲಿಲ್ಲ. ಬೆಂಚಿನಲ್ಲಿ ಅವಳ ಕಡೆಗೆ ಸರಿದು, ಭುಜಕ್ಕೆ ಭುಜ ತಾಗುವ ಹಾಗೆ ಕೂತು, "ಯಾವೂರವ್ವಾ ನಿಂದು?" ಎಂದು ಕೇಳಿದೆ.